ಹನ್ನೊಂದು ಹೆಜ್ಜೆಯ ಟಪಾಲು

ಕನ್ನಡಕದಂಗಡಿಯ ಒಳಕೋಣೆಯ ಎತ್ತರದ ಕುರ್ಚಿಯಲ್ಲಿ ನಿವೃತ್ತ ಕಂಡಕ್ಟರರೊಬ್ಬರು ಕೂತಿದ್ದರು. ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು, ಎಡಗಣ್ಣಿಗೆ ಕಪ್ಪು ಬಿಲ್ಲೆ, ಬಲಗಣ್ಣಿಗೆ ಗಾಜು. ನನ್ನ ಗೆಳತಿ ಗಾಜು ಬದಲಿಸುತ್ತಾ ಅವರ ಮುಖದ ಹತ್ತಿರ ಬಾಗಿದಳು. ನಡುಗುವ ದನಿಯಲ್ಲಿ ಕೇಳಿದಳು:

"ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನನ್ನ ಸರಿಯಾಗಿ ನೋಡಿದೀರಾ?"

ಕಂಡಕ್ಟರರು ಕುರ್ಚಿಯ ಕೈ ಹಿಡಿದುಕೊಂಡರು. "ಇಲ್ಲಮ್ಮಾ, ಮಸುಕಾಗೇ ಕಾಣ್ತಿದೀರಿ. ಇನ್ನೊಂದು ಗ್ಲಾಸು ಹಾಕಿ ನೋಡೋಣ."

ಪರದೆಯ ಈಚೆ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದ ಕಂಡಕ್ಟರರ ಹೆಂಡತಿಗೆ ಮಾತ್ರ ಎಲ್ಲವೂ ಸ್ಪಷ್ಟವಾಗಿ ಕಂಡುಬಿಟ್ಟಿತು. "ಇಷ್ಟು ವರ್ಷ ಅಂದ್ರೆ ಎಷ್ಟು ವರ್ಷ ರೀ?" ಎಂದು ಪರದೆ ಸರಿಸಿಕೊಂಡು ಒಳಗೆ ನುಗ್ಗಿದರು. ಅವರನ್ನು ಸಮಾಧಾನ ಮಾಡಲು ನಾನು ಬೀರುವಿನಿಂದ ಒಂದು ಕಾದಂಬರಿ ತೆಗೆದು, ಅದರ ಹಿಂದಿನ ರಕ್ಷಾಪುಟದ ಫೋಟೋ ತೋರಿಸಿ, ಇವಳು ಪ್ರೇಮ ಕಾದಂಬರಿ ಬರೆಯುವವಳೆಂದೂ, ಪಾತ್ರಗಳ ಮಾತನ್ನು ಬಾಯಿಬಿಟ್ಟು ಹೇಳಿ ನೋಡದೆ ಕಾಗದಕ್ಕೆ ಇಳಿಸುವ ಅಭ್ಯಾಸವಿಲ್ಲವೆಂದೂ ಬಿಡಿಸಿ ಹೇಳಬೇಕಾಯಿತು. ಆಕೆ ಫೋಟೋ ನೋಡಿದರು, ಗೆಳತಿಯನ್ನು ನೋಡಿದರು. "ಅಯ್ಯೋ, ನೀವೇನಾ ಅದು! ನಿಮ್ಮ ಪುಸ್ತಕ ಓದಿ ಎಷ್ಟು ಅತ್ತಿದೀನಿ ಗೊತ್ತಾ!" ಎಂದು ಅವಳ ಕೈ ಹಿಡಿದುಕೊಂಡು ಅಲ್ಲೇ ಇನ್ನೊಮ್ಮೆ ಅತ್ತರು. ಕಪ್ಪು ಬಿಲ್ಲೆ ಹೊತ್ತ ಕಂಡಕ್ಟರರು ಒಂಟಿ ಕಣ್ಣಲ್ಲಿ ಇದನ್ನೆಲ್ಲ ನೋಡುತ್ತಾ, ಗೋಡೆಯ ಮೇಲಿನ ಕೊನೆಯ ಸಾಲನ್ನು ಯಾರೂ ಕೇಳದೆಯೇ ಓದಿ ಮುಗಿಸಿದರು.

ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ಕನ್ನಡಕ್ಕೂ ಕನ್ನಡಕಕ್ಕೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆ ಒಂದಕ್ಷರದಿಂದ ಅವಳ ಊಟ ನಡೆಯುತ್ತದೆ, ಮಿಕ್ಕಿದ್ದರಿಂದ ಓದುಗರ ಕರವಸ್ತ್ರ ಒದ್ದೆಯಾಗುತ್ತದೆ. ಇಪ್ಪತ್ತಮೂರು ಕಾದಂಬರಿ ಬಂದಿವೆ, ಇಪ್ಪತ್ತನಾಲ್ಕನೆಯದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಓಡುತ್ತಿತ್ತು. ಬರೆಯುವುದು ಅಂಗಡಿಯ ಹಳೆಯ ಆರ್ಡರ್ ಚೀಟಿಗಳ ಬೆನ್ನಿಗೆ. ಒಂದು ಕಡೆ ಯಾರದೋ ಎಡಗಣ್ಣಿನ ನಂಬರು, ಇನ್ನೊಂದು ಕಡೆ ಯಾರದೋ ಒಡೆದ ಹೃದಯ.

ಅವಳ ಕಾದಂಬರಿಗಳಿಗೆ ಒಂದು ಕಟ್ಟು ಇದೆ. ನಾಯಕನಿಗೋ ನಾಯಕಿಗೋ ಬಾಲ್ಯದಲ್ಲಿ ಒಂದು ಪೆಟ್ಟು ಬಿದ್ದಿರುತ್ತದೆ. ಅಪ್ಪ ಒಂದು ಕೋಣೆ, ಅಮ್ಮ ಒಂದು ಕೋಣೆ. ಆ ಪೆಟ್ಟಿನ ದೆಸೆಯಿಂದ ಪ್ರೀತಿ ಅಂದರೆ ಹೆದರಿಕೆ, ಮದುವೆ ಅಂದರೆ ಜ್ವರ. ಇಪ್ಪತ್ತೊಂದು ಅಧ್ಯಾಯ ಪ್ರೇಮಿಗಳು ಹತ್ತಿರ ಬಂದು ದೂರ ಹೋಗುತ್ತಾರೆ. ಇಪ್ಪತ್ತೆರಡನೇ ಅಧ್ಯಾಯದಲ್ಲಿ ಅಪ್ಪ ಎದ್ದು ಅಮ್ಮನ ಕೋಣೆಗೆ ತಾನೇ ನಡೆದುಹೋಗಿ, ಮಧ್ಯೆ ಯಾರೂ ಇಲ್ಲದೆ, ಮುಖಾಮುಖಿ ನಿಂತು, ಧಾರಾಕಾರವಾಗಿ ಅತ್ತು, ತಪ್ಪಾಯಿತೆನ್ನುತ್ತಾನೆ. ಇಪ್ಪತ್ತಮೂರನೆಯದರಲ್ಲಿ ಪ್ರೇಮಿಗಳ ಮದುವೆ. ಯಾವ ಕಾದಂಬರಿಯಲ್ಲೂ ಅಪ್ಪ ಇಪ್ಪತ್ತೊಂದನೆಯದರಲ್ಲಿ ಎದ್ದದ್ದಿಲ್ಲ. ಮನಸ್ಸಿನ ಗಾಯಕ್ಕೆ ಇಷ್ಟು ಕರಾರುವಾಕ್ಕಾದ ಔಷಧಿ ಯಾವ ಡಾಕ್ಟರ ಬಳಿಯೂ ಇಲ್ಲ.

"ಒಂದು ಸಲವಾದ್ರೂ ಅಪ್ಪನ್ನ ಅಳಿಸದೆ ಬಿಡೇ," ಎಂದು ನಾನು ಕಾಲೆಳೆಯುತ್ತಿದ್ದೆ.

"ಅಳದೆ ಇದ್ರೆ ಯಾರು ನಂಬ್ತಾರೆ?" ಎನ್ನುತ್ತಿದ್ದಳು.

ಆ ಮನೆ ನನಗೆ ಕಾನ್ವೆಂಟಿನ ದಿನಗಳಿಂದ ಗೊತ್ತು. ಅವಳ ಅಪ್ಪ ಸರ್ಕಾರಿ ಕಚೇರಿಯಲ್ಲಿ ನೀರಿನ ಕೊಳವೆಗಳ ನಕ್ಷೆ ಬರೆಯುತ್ತಿದ್ದರು. ಊರಿನ ಅಷ್ಟೂ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂದು ಬಲ್ಲವರು. ಅಮ್ಮ ಮದುವೆಗೆ ಮುಂಚೆ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಪರೀಕ್ಷೆ ಬರೆದಿದ್ದರು. ನನ್ನ ಗೆಳತಿಗೆ ಹನ್ನೊಂದು ವರ್ಷವಾಗಿದ್ದಾಗ, ಅವರು ಆಸೆ ಬಿಟ್ಟ ಎಷ್ಟೋ ಕಾಲದ ಮೇಲೆ, ಎಕ್ಸ್‌ಚೇಂಜಿನಿಂದ ಕೆಲಸಕ್ಕೆ ಬರಹೇಳಿ ಕಾಗದ ಬಂತು. ಕಾಗದ ಅಪ್ಪನ ಕೈಗೆ ಸಿಕ್ಕಿತು. ಅವರು ನಕ್ಷೆಯ ಅಕ್ಷರಗಳಲ್ಲಿ, ಹೆಂಡತಿಯ ಪರವಾಗಿ, ಹೆಂಡತಿಗೆ ತಿಳಿಸದೆ, 'ಆಸಕ್ತಿ ಇಲ್ಲ' ಎಂದು ಉತ್ತರ ಬರೆದು ಹಾಕಿದರು. ಮೂರು ತಿಂಗಳ ನಂತರ ಮೇಜಿನ ಡ್ರಾಯರ್ ಒರೆಸುವಾಗ ಅಮ್ಮನಿಗೆ ಆ ಉತ್ತರದ ಕರಡು ಸಿಕ್ಕಿತು. ಅವರು ಕೂಗಾಡಲಿಲ್ಲ, ತವರಿಗೆ ಹೋಗಲಿಲ್ಲ. ಡ್ರಾಯರ್ ಒರೆಸಿ ಮುಗಿಸಿ, ಒರೆಸುವ ಬಟ್ಟೆ ಒಗೆದು ಹಾಕಿ, ಆ ಗಳಿಗೆಯಿಂದ ಗಂಡನ ಜೊತೆ ಮಾತು ನಿಲ್ಲಿಸಿದರು.

ಸಂಸಾರ ನಿಲ್ಲಿಸಲಾಗುತ್ತದೆಯೇ? ಹಾಗಾಗಿ ಅಮ್ಮನಿಗೆ ತಪ್ಪಿದ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಹನ್ನೊಂದು ವರ್ಷದ ಮಗಳಿಗೆ ಸಿಕ್ಕಿತು.

ಅಪ್ಪನ ನಕ್ಷೆಮೇಜಿನಿಂದ ಅಮ್ಮನ ಅಡುಗೆಮನೆಗೆ, ನಡುಮನೆ ದಾಟಿಕೊಂಡು, ಹನ್ನೊಂದು ಹೆಜ್ಜೆ. ಅಮ್ಮ ಹೇಳುತ್ತಿದ್ದರು: "ನಿಮ್ಮಪ್ಪನಿಗೆ ಹೇಳು, ಒದ್ದೆ ಟವೆಲ್ ಹಾಸಿಗೆ ಮೇಲೆ ಬಿಸಾಕೋಕೆ ಇದೇನು ಲಾಡ್ಜಾ ಅಂತ." ಹುಡುಗಿ ಹನ್ನೊಂದು ಹೆಜ್ಜೆ ನಡೆದು ಮೇಜಿನ ಹತ್ತಿರ ತಲುಪುವಷ್ಟರಲ್ಲಿ ಅದು ಹೀಗಾಗಿರುತ್ತಿತ್ತು: "ಅಪ್ಪಾ, ಒದ್ದೆ ಟವೆಲ್ ಹತ್ರ ಮಲಗಿದ್ರೆ ನಿಮಗೆ ಶೀತ ಆಗತ್ತೆ ಅಂತ ಅಮ್ಮನಿಗೆ ಯೋಚನೆ." ಅಪ್ಪ ನಕ್ಷೆಯಿಂದ ತಲೆ ಎತ್ತದೆ, "ಆದ್ರೆ ಆಗಲಿ, ಇಲ್ಲಿ ಯಾರಿಗೇನು," ಅನ್ನುತ್ತಿದ್ದರು. ಹಿಂತಿರುಗಿ ಹನ್ನೊಂದು ಹೆಜ್ಜೆ. "ಅಮ್ಮಾ, ಇನ್ಮೇಲೆ ಹಾಕಲ್ವಂತೆ." ಆಮೇಲೆ ಸುಳ್ಳಾಗಬಾರದೆಂದು ದಿನವೂ ತಾನೇ ಹೋಗಿ ಆ ಟವೆಲನ್ನು ತಂತಿಗೆ ಹರವುತ್ತಿದ್ದಳು. ಉಳಿದ ಕಾದಂಬರಿಕಾರರು ಬರೆದದ್ದು ನಿಜವೆನಿಸಲಿ ಎಂದು ಒದ್ದಾಡುತ್ತಾರೆ. ಇವಳು ಬಟ್ಟೆ ಒಣಗಿಸಿ ನಿಜ ಮಾಡಿದಳು.

ಅವಳು ಮದುವೆಯಾಗಲಿಲ್ಲ. ಲೆನ್ಸ್ ಕಂಪನಿಯ ಪ್ರತಿನಿಧಿಯೊಬ್ಬ ಎರಡು ವರ್ಷ ಬೇಕಿಲ್ಲದ ಸ್ಯಾಂಪಲ್ಲುಗಳನ್ನೆಲ್ಲ ತಂದು ತಂದು ಅಂಗಡಿಯಲ್ಲಿಟ್ಟ. ಒಳ್ಳೆಯವನು. ಅವಳ ಉತ್ತರ ಒಂದೇ: "ನಾನು ಹೊರಟರೆ ಎಕ್ಸ್‌ಚೇಂಜ್ ನೋಡ್ಕೊಳ್ಳೋರು ಯಾರು?" ಅವನು ತನ್ನ ಸ್ಯಾಂಪಲ್ಲುಗಳನ್ನು ಬೇರೆ ಬೀದಿಗೆ ಒಯ್ದ. ಏಳನೇ ಕಾದಂಬರಿಯಲ್ಲಿ ಬರುವ ನಾಯಕನೂ ಲೆನ್ಸ್ ಮಾರುತ್ತಾನೆ. ಅವನಿಗೆ ಮಾತ್ರ ಇಪ್ಪತ್ತಮೂರನೇ ಅಧ್ಯಾಯ ಸಿಕ್ಕಿತು.

ಹೀಗೆ ನಲವತ್ತೊಂದು ವರ್ಷ. ಅಪ್ಪನಿಗೆ ಎಂಬತ್ತೆರಡಾಯಿತು, ಅಮ್ಮನಿಗೆ ಎಪ್ಪತ್ತೈದು. ಬಾಡಿಗೆಮನೆ ಮೂರು ಸಲ ಬದಲಾದರೂ ಎರಡು ಕೋಣೆ, ಮಧ್ಯೆ ಒಂದು ನಡುಮನೆ ಎಂಬ ಭೂಗೋಳ ಬದಲಾಗಲಿಲ್ಲ. ಹೆಜ್ಜೆಯೂ ಅಷ್ಟೇ, ನಾನು ಎಣಿಸಿದ್ದೇನೆ. ಅಮ್ಮನ ಕಣ್ಣು ಮಂಜಾದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ಮಗಳು ಅರ್ಧ ದಿನ ರಜೆ ಹಾಕಿ ಬಂದು ಧಾರಾವಾಹಿಯ ಕಂತು ಗಟ್ಟಿಯಾಗಿ ಓದುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಅಪ್ಪನ ಕೋಣೆಯ ರೇಡಿಯೋ ಸಣ್ಣಗಾಗುತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾದವಳು ಓದುತ್ತಿದ್ದಳಲ್ಲ.

ಎರಡು ತೊಡಕು ಒಂದೇ ವಾರದಲ್ಲಿ ಬಂದು ಕೂತವು. ಅಮ್ಮನಿಗೆ ಪೊರೆಯ ಆಪರೇಷನ್ನಿಗೆ ದಿನ ಗೊತ್ತಾಯಿತು. ಇತ್ತ ದಿನವಿಡೀ ಗಿರಾಕಿಗಳಿಗೆ "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ಕೂಗಿ, ಸಂಜೆಯಿಡೀ ಎರಡು ಕೋಣೆಗಳ ಮಧ್ಯೆ ಕೂಗಿ, ಉಳಿದ ಹೊತ್ತು ನಾಯಕಿಯರ ಪರವಾಗಿ ಬಿಕ್ಕಿ, ಗೆಳತಿಯ ಗಂಟಲಲ್ಲಿ ಗಂಟು ಬಿತ್ತು. ಗಂಟಲಿನ ಡಾಕ್ಟರು ಕನ್ನಡಿ ಹಿಡಿದು ನೋಡಿ, "ಹತ್ತು ದಿನ ಒಂದು ಮಾತೂ ಆಡಕೂಡದು. ಪಿಸುಮಾತು ಇನ್ನೂ ಕೆಟ್ಟದ್ದು," ಎಂದರು.

"ಹತ್ತು ದಿನಾನಾ!" ಎಂದಳು ಅವಳು.

"ಈಗಿಂದಲೇ," ಎಂದರು ಡಾಕ್ಟರು.

ಆಪರೇಷನ್ ಮುಗಿಸಿ ಅಮ್ಮ ಮನೆಗೆ ಬಂದ ದಿನ ನಾನು ನೋಡಲು ಹೋದೆ. ಅಮ್ಮನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ತೆಗೆಯದ ಪೊರೆ. ಮಗಳ ಕೊರಳಿಗೆ ದಾರದಲ್ಲಿ ಕಟ್ಟಿದ ಪುಟ್ಟ ಪುಸ್ತಕ, ಪೆನ್ನು. ಅಂದರೆ ಬರೆಯುವವಳು ಬರೆದದ್ದನ್ನು ಓದಬೇಕಾದವರಿಗೆ ಕಾಣದು, ಕಾಣುವ ಅಪ್ಪನಿಗೆ ಅದನ್ನು ಅಮ್ಮನಿಗೆ ಓದಿ ಹೇಳುವ ಹಾಗಿಲ್ಲ. ಎಕ್ಸ್‌ಚೇಂಜಿನಲ್ಲಿ ಕರೆಂಟ್ ಹೋಗಿತ್ತು.

ಅಮ್ಮ ನನ್ನ ದನಿ ಗುರುತು ಹಿಡಿದು ಹಿಗ್ಗಿದರು. "ಬಂದ್ಯಾ ಮಗಳೇ? ಒಂದು ಉಪಕಾರ ಮಾಡು. ಆ ಕೋಣೆಲಿರೋರಿಗೆ ಹೇಳು, ರೇಡಿಯೋ ಸಣ್ಣಗಿಡೋಕೆ. ಕಿವುಡಾಗಿರೋದು ಅವರಿಗೆ, ನಮಗಲ್ಲ ಅಂತ."

ನಾನು ಹನ್ನೊಂದು ಹೆಜ್ಜೆ ನಡೆದು, ಕಾನ್ವೆಂಟಿನಲ್ಲಿ ಬೈಬಲ್ ಪಾಠ ಒಪ್ಪಿಸಿದಂತೆ, ಒಂದಕ್ಷರ ಬಿಡದೆ ಒಪ್ಪಿಸಿದೆ. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಲವತ್ತೊಂದು ವರ್ಷದಲ್ಲಿ ಹೆಂಡತಿಯ ನಿಜವಾದ ವಾಕ್ಯವೊಂದು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಅವರು ಕೈ ಚಾಚಿ ರೇಡಿಯೋವನ್ನು ಇನ್ನಷ್ಟು ಜೋರು ಮಾಡಿದರು.

ನಡುಮನೆಯಲ್ಲಿ ಗೆಳತಿ ಬಿಳಿಚಿಕೊಂಡು ನಿಂತಿದ್ದಳು. ಪುಸ್ತಕದಲ್ಲಿ ಗೀಚಿದಳು: 'ಹಾಗೇ ಹೇಳಿಬಿಟ್ಟೆಯಾ? ಹೇಳಿದ್ದನ್ನ ಹೇಳಿದ ಹಾಗೇ?'

"ಇನ್ನು ಹೇಗೆ ಹೇಳ್ತಾರೆ?"

ಅವಳು ನನ್ನನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋಗಿ ಕೂರಿಸಿ, ಒಂಬತ್ತು ಹಾಳೆ ಬರೆದಳು. ನಾನು ಒಂದೊಂದೇ ಹರಿದು ಓದಿದೆ. ಮೂವತ್ತಾರು ವರ್ಷ ಯಾರಿಗೂ ಹೇಳದ ಮಾತು ಅದರಲ್ಲಿತ್ತು.

ಅವಳಿಗೆ ಹದಿನಾರಾಗಿದ್ದಾಗ ಒಂದು ಬೆಳಿಗ್ಗೆ ಅಪ್ಪ ಕ್ಷೌರ ಮಾಡಿಕೊಳ್ಳುತ್ತಿದ್ದವರು, ಕನ್ನಡಿಯಲ್ಲೇ ಅವಳನ್ನು ನೋಡಿ, "ಅಮ್ಮನಿಗೆ ಹೇಳು. ಆ ಕಾಗದ ಬರೆದದ್ದು ನನ್ನ ತಪ್ಪು ಅಂತ," ಎಂದರು. ಅಷ್ಟೇ. ಹುಡುಗಿ ಓಡಿದಳು. ಆದರೆ ಹನ್ನೊಂದು ಹೆಜ್ಜೆ ಇತ್ತಲ್ಲ, ಅಭ್ಯಾಸಬಲ. ಐದು ವರ್ಷ ಕಾದ ಮಾತು ಅಷ್ಟು ಚಿಕ್ಕದಾಗಿ ಬಂದರೆ ಅಮ್ಮನಿಗೆ ಸಾಲದೆನಿಸಿತು. ಅಡುಗೆಮನೆ ತಲುಪುವಷ್ಟರಲ್ಲಿ ಅಪ್ಪನ ದನಿ ಗದ್ಗದವಾಗಿತ್ತು, ಕಣ್ಣಿಂದ ಧಾರೆ ಹರಿಯುತ್ತಿತ್ತು, 'ನೀನಿಲ್ಲದೆ ನಾನಿಲ್ಲ' ಎಂಬ ಮಾತೂ ಸೇರಿತ್ತು. ಅಮ್ಮ ಕೈಯಲ್ಲಿದ್ದ ಪಾತ್ರೆ ಇಳಿಸಿ ಅವಳ ಮುಖ ನೋಡಿದರು. "ನಿಮ್ಮಪ್ಪ ಅತ್ರಾ? ನಿನ್ನ ಕಥೆ ಸಾಕು. ಹೋಗಿ ಹೋಂವರ್ಕ್ ಮಾಡು."

ಇದನ್ನು ಅಪ್ಪನಿಗೆ ಹೇಳುವುದು ಹೇಗೆ? ಹನ್ನೊಂದು ಹೆಜ್ಜೆ ವಾಪಸು. "ಅಮ್ಮ ಯೋಚನೆ ಮಾಡಿ ಹೇಳ್ತಾರಂತೆ, ಅಪ್ಪಾ."

ಅಪ್ಪ ತಲೆಯಾಡಿಸಿ ಮುಖ ತೊಳೆದುಕೊಂಡರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಒಂಬತ್ತನೇ ಹಾಳೆಯಲ್ಲಿ ಒಂದೇ ಸಾಲಿತ್ತು: 'ಅವರಿಬ್ಬರೂ ನೇರ ಮಾತಾಡಿದರೆ ನಾನು ಸತ್ತೆ.'

ಇಪ್ಪತ್ತಮೂರು ಮನೆಗಳಲ್ಲಿ ಗಂಡಹೆಂಡಿರನ್ನು ಎದುರುಬದುರು ನಿಲ್ಲಿಸಿದವಳು, ಸ್ವಂತ ಮನೆಯಲ್ಲಿ ಅದು ನಡೆಯದಂತೆ ಕಾವಲು ನಿಂತಿದ್ದಳು. ನಾವಿಬ್ಬರೂ ಓದಿದ ಶಾಲೆಯಲ್ಲಿ ಭುಜ ತಾಗಿದರೆ ಸಾರಿ, ಸೀನಿದರೆ ಸಾರಿ. ದಿನಕ್ಕೆ ಇಪ್ಪತ್ತು ಸಲ ಸಾರಿ ಸಾರಿ ಹೇಳುತ್ತಿದ್ದೆವು. ಮನೆಯಲ್ಲಿ ಒಂದು ಸಾರಿ ಸಾಗಿಸಲು ಹೋಗಿ ಹೀಗಾಗಿತ್ತು.

ಗುರುವಾರ ಮಧ್ಯಾಹ್ನ ನಾನು ಬೇಕೆಂದೇ ಹೋದೆ. ವಾರಪತ್ರಿಕೆ ಬಂದು ನಡುಮನೆಯ ಮೇಜಿನ ಮೇಲೆ ಬಿದ್ದಿತ್ತು. ಅಧ್ಯಾಯ ಎಷ್ಟನೆಯದೆಂದು ತಲೆಬರಹದ ದಪ್ಪ ಅಕ್ಷರದಲ್ಲಿ ನೋಡಿದೆ: ಇಪ್ಪತ್ತೆರಡು. ನೀನೇ ಓದಿಬಿಡು ಎಂದು ಗೆಳತಿ ಸನ್ನೆ ಮಾಡಿದಳು. ಕೈಚೀಲದಲ್ಲಿ ತಡಕಿದರೆ ನನ್ನ ಕನ್ನಡಕವೇ ಇರಲಿಲ್ಲ. ಹೊಸ ಗಾಜು ಹಾಕಲೆಂದು ಹಿಂದಿನ ದಿನವಷ್ಟೇ ಅವಳ ಅಂಗಡಿಯಲ್ಲೇ ಕೊಟ್ಟು ಬಂದಿದ್ದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಯಾವ ನಂಬರಿನ ಗಾಜೂ ಬೇಕಿರಲಿಲ್ಲ.

ಒಳಗಿಂದ ಅಮ್ಮ ಚಾವಣಿಗೆ ಹೇಳಿದರು, "ಇವತ್ತು ಗುರುವಾರ ಅಲ್ವಾ. ಕಂತು ಓದೋರು ಯಾರೂ ಇಲ್ವಾ ಈ ಮನೇಲಿ?"

ರೇಡಿಯೋ ನಿಂತಿತು. ಅಪ್ಪ ಹೊರಗೆ ಬಂದು, ಮೇಜಿನ ಮೇಲಿನ ಪತ್ರಿಕೆ ತೆಗೆದುಕೊಂಡು, ಮಗಳ ಚಾಚಿದ ಕೈಯನ್ನು ನೋಡದವರಂತೆ ದಾಟಿ, ಅಮ್ಮನ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಕೋಣೆಯ ಒಳಗಲ್ಲ, ಹೊರಗೂ ಅಲ್ಲ. ನಕ್ಷೆಯವರಿಗೆ ಗಡಿ ಗೊತ್ತಿರುತ್ತದೆ.

ಓದಿದರು. ನೀರಿನ ಕೊಳವೆಯ ಅಳತೆ ಓದಿದ ಹಾಗೆ, ಒಂದೇ ದನಿಯಲ್ಲಿ. "'ಅವನ ಕಣ್ಣಾಲಿಗಳು ತುಂಬಿ ಬಂದವು. ಬಿಕ್ಕುತ್ತಾ ಅವಳ ಮುಂದೆ ಕುಸಿದ. ನನ್ನನ್ನು ಕ್ಷಮಿಸು, ನೀನಿಲ್ಲದೆ ನಾನಿಲ್ಲ ಎಂದು ಗೋಳಾಡಿದ.'"

"ಇಷ್ಟೊಂದು ಅಳೋ ಗಂಡಸರು ಎಲ್ಲಿರ್ತಾರೋ," ಎಂದರು ಅಮ್ಮ, ಗೋಡೆಗೆ.

"ಅವಳು ಬರೆಯೋದೇ ಹಾಗೆ," ಎಂದರು ಅಪ್ಪ, ಪತ್ರಿಕೆಗೆ. ಹಾಳೆ ಮಗುಚಲು ಹೋಗಿ ನಿಲ್ಲಿಸಿದರು. "ನಾನು ಒಂದು ಮಾತು ಹೇಳಿಕಳಿಸಿದ್ದೆ. ಯೋಚನೆ ಮಾಡಿ ಹೇಳ್ತೀನಿ ಅಂದ್ಯಂತೆ. ಮುಗೀತಾ ಯೋಚನೆ?"

ಗೆಳತಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ನನ್ನ ಬಳೆ ಒತ್ತಿ ನೋವಾಗುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ಅಮ್ಮ ದಿಂಬಿನಿಂದ ತಲೆ ಎತ್ತಿದರು. "ನಾನಾ? ಯಾವ ಮಾತಿಗೆ?"

"ಆ ಕಾಗದದ ಮಾತಿಗೆ. ತಪ್ಪು ನಂದು ಅಂತ ಹೇಳಿಕಳಿಸಿದ್ದೆ. ಅವಳು ಹೈಸ್ಕೂಲಲ್ಲಿದ್ದಾಗ."

"ನೀವು ಅತ್ರಿ, ನೀನಿಲ್ಲದೆ ನಾನಿಲ್ಲ ಅಂದ್ರಿ, ಅಂತ ಬಂದು ಹೇಳಿದ್ಲು." ಅಮ್ಮ ಬಾಗಿಲಿನತ್ತ ಮುಖ ತಿರುಗಿಸಿದರು. "ಅತ್ರಾ ಅವತ್ತು?"

"ಇಲ್ಲ. ಮುಖದ ತುಂಬ ಸೋಪಿತ್ತು."

"ಒಂಚೂರೂ ಅಳಲಿಲ್ವಾ?"

"ಇಲ್ಲ ಅಂದ್ನಲ್ಲ."

"ಹಾಗಾದ್ರೆ ನಿಜವಾಗ್ಲೂ ಹೇಳಿರ್ತೀರಿ," ಎಂದರು ಅಮ್ಮ.

ಪಕ್ಕದ ಮನೆಯವರು ಬಕೆಟ್ಟಿಗೆ ನೀರು ಬಿಟ್ಟುಕೊಳ್ಳುವ ಸದ್ದು ಕೇಳುತ್ತಿತ್ತು. ಬಕೆಟ್ ತುಂಬಿ ನಲ್ಲಿ ನಿಂತ ಮೇಲೆ ಅಮ್ಮ ಕೇಳಿದರು, "ಯಾಕೆ ಹಾಗೆ ಬರೆದ್ರಿ ರೀ ಅವರಿಗೆ?"

"ನೀನು ಕೆಲಸಕ್ಕೆ ಹೋದ್ರೆ ನನ್ನ ಹತ್ರ ಮಾತಾಡೋಕೆ ನಿನಗೆ ಪುರುಸೊತ್ತಿರಲ್ಲ ಅನ್ನಿಸ್ತು."

ಅಮ್ಮ ನಕ್ಕರು. ಪಟ್ಟಿ ಕಟ್ಟಿದ ಕಣ್ಣಿಗೆ ನಗು ಒಳ್ಳೆಯದಲ್ಲವೆಂದು ಆಸ್ಪತ್ರೆಯವರು ಹೇಳಿದ್ದರು. ಕೈಯಿಂದ ಪಟ್ಟಿ ಒತ್ತಿಕೊಂಡು ನಕ್ಕರು. ಆ ನಗು ನಡುವೆ ಎಲ್ಲೋ ಬೇರೆಯಾಗಿ, ಮತ್ತೆ ಸರಿಹೋಯಿತು. "ತಪ್ಪಾಯ್ತು," ಎಂದರು ಅಪ್ಪ, ಅದೇ ಕೊಳವೆಯ ದನಿಯಲ್ಲಿ. "ಸರಿ," ಎಂದರು ಅಮ್ಮ. "ಡ್ರಾಪ್ಸ್ ಹಾಕೋ ಹೊತ್ತಾಯ್ತು ನೋಡಿ."

ಒಬ್ಬರೂ ಕುಸಿಯಲಿಲ್ಲ, ಗೋಳಾಡಲಿಲ್ಲ. ಇಡೀ ಅಧ್ಯಾಯ ಒಂದು ಆರ್ಡರ್ ಚೀಟಿಯ ಬೆನ್ನಿಗೆ ಸಾಲುತ್ತಿತ್ತು.

ಆಮೇಲೆ ವಿಚಾರಣೆ ಶುರುವಾಯಿತು. ಅವತ್ತು ಹೀಗಂದ್ರಾ, ಇಲ್ವಲ್ಲ, ನೀನು ಹಾಗಂದ್ಯಾ, ನಾನ್ಯಾಕನ್ನಲಿ. ನಲವತ್ತೊಂದು ವರ್ಷದ ಟಪಾಲೆಲ್ಲ ಒಂದೊಂದಾಗಿ ಒಡೆದರು. ಟವೆಲಿನ ಲಾಡ್ಜೂ ಹೊರಬಿತ್ತು. ಅರ್ಧ ಗಂಟೆಯ ಮೇಲೆ ಅಮ್ಮನ ಕೂಗು: "ಎಲ್ಲೇ ಅವಳು? ಬಾ ಇಲ್ಲಿ!"

ಗೆಳತಿ ಹೋಗಿ ಮಂಚದ ಬಳಿ ನಿಂತಳು. ಐವತ್ತೆರಡು ವರ್ಷದ ಹೆಂಗಸು, ಹನ್ನೊಂದರ ಹುಡುಗಿಯ ಹಾಗೆ.

"ಇಷ್ಟು ವರ್ಷ ನಮ್ಮಿಬ್ಬರ ಹೆಸರಲ್ಲಿ ನೀನೇ ಸಂಸಾರ ಮಾಡಿದ್ಯಲ್ಲೇ!" ಎಂದರು ಅಮ್ಮ. "ಏನಾದ್ರೂ ಹೇಳು ಬಾಯಿಬಿಟ್ಟು."

ಅವಳು ಬಾಯಿ ತೆರೆದಳು. ಮುಚ್ಚಿದಳು. ಪುಸ್ತಕದಲ್ಲಿ ಬರೆದು ಅಮ್ಮನ ಮುಂದೆ ಹಿಡಿದಳು. ಅಮ್ಮನಿಗೆ ಕಾಣುವುದೆಲ್ಲಿಂದ? ಅಪ್ಪ ಸ್ಟೂಲಿನಿಂದ ಬಾಗಿ ನೋಡಿ, ಬರೆದದ್ದನ್ನು ಬರೆದಷ್ಟೇ ತಲುಪಿಸಿದರು.

"ಸಾರಿ ಅಂತೆ."

"ಅಳ್ತಿದಾಳಾ?"

ಅಪ್ಪ ಮಗಳ ಮುಖವನ್ನು ಚೆನ್ನಾಗಿ ನೋಡಿದರು. "ಹೂಂ. ಅಳ್ತಿದಾಳೆ."

"ಹಾಗಾದ್ರೆ ನಂಬಬೇಡಿ," ಎಂದರು ಅಮ್ಮ. ಹೇಳುತ್ತಲೇ ಕೈ ಚಾಚಿ, ಗಾಳಿಯಲ್ಲಿ ತಡಕಿ, ಅವಳ ಸೆರಗು ಸಿಕ್ಕಿದ ಕೂಡಲೇ ಹಿಡಿದುಕೊಂಡರು. ಬಿಡಲಿಲ್ಲ.

ಈಗ ಆ ಮನೆಯಲ್ಲಿ ಬೆಳಗಾದರೆ ಜಗಳ. ಟವೆಲ್, ರೇಡಿಯೋ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ. ಎಲ್ಲ ನೇರ ಪ್ರಸಾರ. ಎಕ್ಸ್‌ಚೇಂಜ್ ಮುಚ್ಚಿದ್ದರಿಂದ ಗೆಳತಿಗೆ ಸಂಜೆಗಳು ಖಾಲಿ. ಮೊದಮೊದಲು ನಡುಮನೆಯಲ್ಲಿ ಎದ್ದು ನಿಂತು, ಎತ್ತ ಹೋಗಬೇಕೆಂದು ತಿಳಿಯದೆ ಕೂತುಬಿಡುತ್ತಿದ್ದಳು. ಇಪ್ಪತ್ತಮೂರನೇ ಅಧ್ಯಾಯ ಎರಡು ವಾರ ತಡವಾಗಿ ಬಂತು. ಅದರಲ್ಲಿ ಮದುವೆಯೇನೋ ಆಯಿತು, ಆದರೆ ಯಾರೂ ಅಳಲಿಲ್ಲ. ಓದುಗರು ಬೇಸರಪಟ್ಟು ಕಾಗದ ಬರೆದರು.

ಕಾದಂಬರಿ ಪುಸ್ತಕವಾಗಿ ಬಂದಾಗ ಗ್ರಂಥಾಲಯದಲ್ಲಿ ಒಂದು ಸಣ್ಣ ಸಭೆ ಇಟ್ಟಿದ್ದರು. ನಲವತ್ತು ಕುರ್ಚಿ, ಮೂವತ್ತೊಂದು ಜನ. ಮೊದಲ ಸಾಲಿನಲ್ಲಿ ಕಂಡಕ್ಟರರ ಹೆಂಡತಿ. ಪಕ್ಕದಲ್ಲಿ ಹೊಸ ಕನ್ನಡಕದ ಕಂಡಕ್ಟರರು, ಲೇಖಕಿಯನ್ನು ಸರಿಯಾಗಿ ನೋಡುತ್ತಾ. ಹಿಂದಿನ ಸಾಲಿನಲ್ಲಿ ಅವಳ ಅಪ್ಪ ಅಮ್ಮ, ಫ್ಯಾನು ಹಾಕಿಸಬೇಕೋ ಬೇಡವೋ ಎಂದು ಮೆಲುದನಿಯಲ್ಲಿ ವಾದಿಸುತ್ತಾ. ಪ್ರಶ್ನೆ ಕೇಳುವ ಹೊತ್ತು ಬಂದಾಗ ಒಬ್ಬ ಆಪ್ತಸಮಾಲೋಚಕಿ ಎದ್ದು ನಿಂತರು. ತಮ್ಮ ಬಳಿ ಬರುವವರಿಗೆಲ್ಲ ಇವಳ ಕಾದಂಬರಿಗಳನ್ನೇ ಓದಲು ಹೇಳುತ್ತಾರಂತೆ.

"ಮೇಡಂ, ಕುಟುಂಬದ ಗಾಯ ಅಷ್ಟು ಆಳಕ್ಕೆ ಗೊತ್ತಿರೋರು ಮಾತ್ರ ಹೀಗೆ ಬರೆಯೋಕೆ ಸಾಧ್ಯ," ಎಂದರು ಅವರು. ದನಿ ಆಗಲೇ ಒದ್ದೆಯಾಗಿತ್ತು. "ನಿಮ್ಮ ಮನಸ್ಸಿನಲ್ಲೂ ಅಂಥದ್ದೊಂದು ಗಾಯ ಇದ್ದಿರಬೇಕು. ಅದು ಹೇಗೆ ವಾಸಿಯಾಯ್ತು? ಏನು ಮಾಡಿದ್ರಿ? ನಮಗೆಲ್ಲ ದಾರಿಯಾಗತ್ತೆ, ದಯವಿಟ್ಟು ಹೇಳಿ."

ಸಭೆ ಕರವಸ್ತ್ರ ಸಿದ್ಧ ಮಾಡಿಕೊಂಡಿತು. ಗೆಳತಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮೈಕಿನ ಹತ್ತಿರ ಬಾಗಿದಳು.

"ಹತ್ತು ದಿನ ಬಾಯಿ ಮುಚ್ಕೊಂಡಿದ್ದೆ."